ಎಕ್ಸ್ ಹುಟ್ಟುವ ಮೊದಲಿನ ಲೆಕ್ಕ

ಹೈದರಾಬಾದಿನ ನಮ್ಮ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕನ್ನಡ ತರಗತಿ ನಡೆಯುತ್ತದೆ. ಹದಿನಾಲ್ಕು ಮಕ್ಕಳು, ಕಲಿಸುವವರು ಇಬ್ಬರು. ಒಬ್ಬರು ನಿವೃತ್ತ ಶಿಕ್ಷಕಿ, ನಿಜವಾಗಿ ಕನ್ನಡ ಬಲ್ಲವರು. ಇನ್ನೊಬ್ಬ ನಾನು. ಕಾಗುಣಿತ, ಕಥೆ, ಪದ್ಯ ಎಲ್ಲ ಅವರ ಪಾಲು. ನನಗೆ ಉಳಿದದ್ದು ಸಂಖ್ಯೆಗಳು. ನಮ್ಮ ಮಕ್ಕಳಿಗೆ ಇಪ್ಪತ್ತರ ತನಕ ಕನ್ನಡದಲ್ಲಿ ಎಣಿಸಲು ಬರುತ್ತದೆ. ಮೂವತ್ತೇಳು ಎಂದರೆ ಅಲ್ಲೇ ನಿಂತು, ‘ಥರ್ಟಿ ಸೆವೆನ್ನಾ?’ ಎಂದು ಕೇಳುತ್ತಾರೆ. ಕಾಲು ಎಂದರೆ ನಡೆಯುವ ಕಾಲು ಮಾತ್ರ. ಮುಕ್ಕಾಲು ಎಂದರೆ ಮೂರು ಕಾಲಿನ ಕುರ್ಚಿಯೋ ಏನೋ.

ಕಳೆದ ತಿಂಗಳು ಕಾಲು, ಅರ್ಧ, ಮುಕ್ಕಾಲು ಕಲಿಸಬೇಕಿತ್ತು. ಬರೀ ಪಟ್ಟಿ ಬರೆಸಿದರೆ ನಿದ್ದೆ ಹೋಗುತ್ತಾರೆ. ಹಾಗಾಗಿ ನಾನು ಚಿಕ್ಕವನಿದ್ದಾಗ ಊರಿನಲ್ಲಿ ಕೇಳಿದ ಗಿಳಿಗಳ ಲೆಕ್ಕ ಹೇಳಿದೆ. ನಿಮಗೂ ಗೊತ್ತಿರುತ್ತದೆ. ಆಲದ ಮರದ ಮೇಲೆ ಗಿಳಿಗಳ ಹಿಂಡು ಕೂತಿದೆ. ಒಂಟಿ ಗಿಳಿಯೊಂದು ಹಾರಿಬಂದು ‘ನೂರು ಗಿಳಿಗಳಿಗೂ ನಮಸ್ಕಾರ’ ಎನ್ನುತ್ತದೆ. ಹಿಂಡಿನ ಮುದಿ ಗಿಳಿ ನಗುತ್ತದೆ: ‘ನಾವು ನೂರಿಲ್ಲಪ್ಪಾ. ನಾವು, ಮತ್ತೆ ನಮ್ಮಷ್ಟೇ, ನಮ್ಮಲ್ಲಿ ಅರ್ಧದಷ್ಟು, ನಮ್ಮಲ್ಲಿ ಕಾಲಿನಷ್ಟು, ಅದರ ಮೇಲೆ ನೀನೊಬ್ಬ ಸೇರಿದರೆ ನೂರು.’ ಹಾಗಾದರೆ ಮರದ ಮೇಲೆ ಇದ್ದವೆಷ್ಟು?

ದೊಡ್ಡ ಮಕ್ಕಳು ಇಬ್ಬರು ಕೂಡಲೇ ‘ಲೆಟ್ ಎಕ್ಸ್ ಬಿ’ ಎಂದು ಬರೆಯತೊಡಗಿದರು. ಒಬ್ಬಳು ಲಸಾಅದ ಹತ್ತಿರ ದಾರಿ ತಪ್ಪಿದಳು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಎಂಟನೇ ತರಗತಿಯ ಹುಡುಗನೊಬ್ಬ ಕೈ ಎತ್ತಿದ. ಅವನ ಮನೆಯವರು ಸೇಡಂ ಕಡೆಯವರು.

‘ಅಂಕಲ್, ಮೂವತ್ತಾರು.’

‘ಹೇಗೆ ಬಂತು?’

‘ಮೊದಲ ಆ ಒಂಟಿ ಗಿಣಿನ್ನ ತೆಗೆದಿಟ್ಟೆ. ತೊಂಬತ್ತೊಂಬತ್ತು ಉಳೀತು. ಆಮೇಲೆ ಗಿಡದ ಮ್ಯಾಲ ನಾಲ್ಕೇ ಗಿಣಿ ಅವ ಅಂತ ಅನ್ಕೊಂಡೆ. ನಾಲ್ಕು, ಮತ್ತ ನಾಲ್ಕು, ಎರಡು, ಒಂದು. ಹನ್ನೊಂದಾತು. ತೊಂಬತ್ತೊಂಬತ್ತರಾಗ ಹನ್ನೊಂದು ಒಂಬತ್ತು ಸಲ. ನಾಲ್ಕು ಒಂಬತ್ತಲೆ ಮೂವತ್ತಾರು.’

‘ನಾಲ್ಕೇ ಯಾಕೆ?’

‘ಅರ್ಧ ಮಾಡಬೇಕು, ಕಾಲು ಮಾಡಬೇಕು. ನಾಲ್ಕಾದ್ರ ಮುರಿಯಂಗಿಲ್ಲ.’

ನಾನು ಶಭಾಷ್ ಎಂದೆ. ಅವನ ಮುಖ ಅರಳಲಿಲ್ಲ. ‘ಆದ್ರ ಇದು ನಡೆಯಂಗಿಲ್ಲ ಅಂಕಲ್. ಸ್ಕೂಲಿನಾಗ ಝೀರೋ ಕೊಡ್ತಾರ’ ಎಂದು ಕೂತುಬಿಟ್ಟ.

ತರಗತಿ ಮುಗಿದ ಮೇಲೆ ಅವನ ಅಮ್ಮ ವಿಷಯ ಹೇಳಿದರು. ಹೋದ ಪರೀಕ್ಷೆಯಲ್ಲಿ ಇಂಥ ಮೂರು ಲೆಕ್ಕಗಳಿದ್ದವು. ಮೂರಕ್ಕೂ ಇವನ ಉತ್ತರ ಸರಿ. ಮೂರಕ್ಕೂ ಸೊನ್ನೆ. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘ಗೆಸ್’ ಎಂದು ಬರೆದಿತ್ತಂತೆ. ಅಂದಿನಿಂದ ಹುಡುಗ ಲೆಕ್ಕದ ಪುಸ್ತಕ ತೆಗೆಯುವುದಿಲ್ಲ. ‘ನನಗ ಮ್ಯಾಥ್ಸ್ ಬರಂಗಿಲ್ಲ’ ಎಂದು ತೀರ್ಮಾನ ಮಾಡಿಕೊಂಡಿದ್ದಾನೆ. ಎರಡು ನಿಮಿಷದಲ್ಲಿ, ಪೆನ್ನು ಹಿಡಿಯದೆ, ಈ ಲೆಕ್ಕ ಬಿಡಿಸಿದ ಹುಡುಗ!

ಆ ‘ಗೆಸ್’ ಎಂಬ ಪದ ವಾರವಿಡೀ ನನ್ನನ್ನು ಕಾಡಿತು. ಈ ಸಲದ ಅಂಕಣ ಅದಕ್ಕೆ ಕೊಡುವ ಉತ್ತರ. ಉತ್ತರದ ಅರ್ಧ ಆ ಹುಡುಗನ ಪರ. ಇನ್ನರ್ಧ ಅವನ ಪರವಾಗಿಲ್ಲ ಎಂದೂ ಮೊದಲೇ ಹೇಳಿಬಿಡುತ್ತೇನೆ.

ಹುಡುಗ ಮಾಡಿದ್ದನ್ನೇ ಈಜಿಪ್ಟಿನ ಲಿಪಿಕಾರರು ಮೂರೂವರೆ ಸಾವಿರ ವರ್ಷಗಳ ಹಿಂದೆ ಮಾಡುತ್ತಿದ್ದರು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ರಿಂಡ್ ಪಪೈರಸ್ ಎಂಬ ಸುರುಳಿ ಇದೆ. ಸುಮಾರು ಕ್ರಿ.ಪೂ. 1550ರದ್ದು. ಬರೆದವನ ಹೆಸರು ಆಹ್ಮೆಸ್. ಅವನೂ ತನಗಿಂತ ಹಳೆಯ ಬರಹವೊಂದನ್ನು ನೋಡಿ ನಕಲು ಮಾಡಿದವನು. ಅದರ 24ನೆಯ ಲೆಕ್ಕ ಇಷ್ಟೇ: ಒಂದು ರಾಶಿ, ಅದರ ಏಳನೆಯ ಒಂದು ಪಾಲು, ಎರಡೂ ಸೇರಿ 19. ರಾಶಿ ಎಷ್ಟು? ಆಹ್ಮೆಸ್ ಹೇಳುತ್ತಾನೆ, ಮೊದಲು 7 ಎಂದುಕೊಳ್ಳಿ. ಏಳು ಪಾಲು ಮಾಡಬೇಕಲ್ಲ, ಏಳಾದರೆ ಮುರಿಯುವುದಿಲ್ಲ. 7ಕ್ಕೆ ಅದರ ಏಳನೆಯ ಪಾಲು ಸೇರಿಸಿದರೆ 8. ನಮಗೆ ಬೇಕಾದದ್ದು 19. ಎಂಟನ್ನು ಎಷ್ಟರಿಂದ ಗುಣಿಸಿದರೆ 19 ಆಗುತ್ತದೋ ಅಷ್ಟರಿಂದ ಏಳನ್ನೂ ಗುಣಿಸಿ. ಉತ್ತರ 16 ಮತ್ತು 5/8. ಸೇಡಂ ಹುಡುಗ ನಾಲ್ಕು ಗಿಳಿ ಎಂದುಕೊಂಡದ್ದಕ್ಕೂ ಇದಕ್ಕೂ ಎಳ್ಳಷ್ಟೂ ವ್ಯತ್ಯಾಸವಿಲ್ಲ.

ನಮ್ಮಲ್ಲಿ ಈ ವಿಧಾನಕ್ಕೆ ಹೆಸರೇ ಇದೆ: ಇಷ್ಟಕರ್ಮ. ‘ಇಷ್ಟ’ ಎಂದರೆ ನಿಮಗೆ ಇಷ್ಟ ಬಂದ ಸಂಖ್ಯೆ. ಭಾಸ್ಕರಾಚಾರ್ಯನ ಲೀಲಾವತಿಯಲ್ಲಿ ಇದಕ್ಕೊಂದು ಚೆಂದದ ಉದಾಹರಣೆ ಇದೆ. ಭಕ್ತನೊಬ್ಬ ತಂದ ಕಮಲಗಳಲ್ಲಿ ಮೂರನೆಯ ಒಂದು ಪಾಲು ಶಿವನಿಗೆ, ಐದನೆಯ ಪಾಲು ವಿಷ್ಣುವಿಗೆ, ಆರನೆಯ ಪಾಲು ಸೂರ್ಯನಿಗೆ, ಕಾಲು ಭಾಗ ದೇವಿಗೆ. ಉಳಿದ ಆರು ಹೂ ಗುರುವಿನ ಪಾದಕ್ಕೆ. ಒಟ್ಟು ಹೂವೆಷ್ಟು? 60 ಎಂದುಕೊಳ್ಳಿ. 20, 12, 10, 15. ಒಟ್ಟು 57 ಹೋಯಿತು, ಉಳಿದದ್ದು 3. ಉಳಿಯಬೇಕಾದದ್ದು 6, ಅಂದರೆ ಅದರ ಎರಡರಷ್ಟು. ಹಾಗಾದರೆ ಹೂಗಳೂ ಅರವತ್ತರ ಎರಡರಷ್ಟು, 120. ಇದು 1150ರ ಸುಮಾರಿನ ಪಠ್ಯಪುಸ್ತಕ. ಆ ಪುಸ್ತಕದ ಮೇಲೆ ಕೆಂಪು ಶಾಯಿಯಲ್ಲಿ ‘ಗೆಸ್’ ಎಂದು ಯಾರೂ ಬರೆದಂತಿಲ್ಲ.

ಊಹೆಗೂ ಇಷ್ಟಕರ್ಮಕ್ಕೂ ವ್ಯತ್ಯಾಸವಿದೆ ಎಂಬುದನ್ನು ಗಮನಿಸಿ. ಊಹೆ ಮಾಡುವವನು ಸರಿಯಾದ ಸಂಖ್ಯೆ ಸಿಗುವ ತನಕ ಒಂದೊಂದನ್ನೇ ಹಾಕಿ ನೋಡುತ್ತಾನೆ. ಇಷ್ಟಕರ್ಮ ಮಾಡುವವನಿಗೆ ತಾನು ಇಟ್ಟುಕೊಂಡ ಸಂಖ್ಯೆ ತಪ್ಪೆಂದು ಮೊದಲೇ ಗೊತ್ತು. ತಪ್ಪು ಎಷ್ಟು ಪಟ್ಟು ಎಂದು ಅಳೆದು, ಒಂದೇ ಹೆಜ್ಜೆಯಲ್ಲಿ ಸರಿ ಮಾಡಿಕೊಳ್ಳುತ್ತಾನೆ. ಹುಡುಗ ಇನ್ನೂ ಒಂದು ಜಾಣತನ ಮಾಡಿದ್ದ. ಒಂಟಿ ಗಿಳಿಯನ್ನು ಮೊದಲೇ ತೆಗೆದಿಟ್ಟಿದ್ದ. ಅದನ್ನು ತೆಗೆಯದೆ ನೂರಕ್ಕೇ ಪಟ್ಟು ಹಾಕಿದ್ದರೆ ಲೆಕ್ಕ ತಪ್ಪುತ್ತಿತ್ತು. ಹಿಂಡು ಒಂಬತ್ತು ಪಟ್ಟಾದರೂ ಬಂದ ಅತಿಥಿ ಒಂದೇ ಅಲ್ಲವೇ?

ಈಗ ಸೇಡಂನ ವಿಷಯ. ಹೈದರಾಬಾದಿನಿಂದ ಕಲಬುರಗಿಗೆ ರೈಲಿನಲ್ಲಿ ಹೋಗುವ ನಮ್ಮವರಿಗೆ ದಾರಿ ಬಾಯಿಪಾಠ. ವಿಕಾರಾಬಾದ್, ತಾಂಡೂರು, ಸೇಡಂ, ಮಳಖೇಡ ರೋಡ್, ಚಿತ್ತಾಪುರ, ವಾಡಿ. ಮಳಖೇಡ ರೋಡ್ ಬಂದಾಗ ಯಾರೂ ತಲೆ ಎತ್ತಿ ನೋಡುವುದಿಲ್ಲ. ಸುತ್ತ ಸುಣ್ಣದ ಕಲ್ಲು, ಸಿಮೆಂಟಿನ ಧೂಳು. ಆದರೆ ಆ ಮಳಖೇಡವೇ ಕಾಗಿಣಾ ದಂಡೆಯ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಕವಿರಾಜಮಾರ್ಗ ಹುಟ್ಟಿದ ಅಮೋಘವರ್ಷ ನೃಪತುಂಗನ ಆಸ್ಥಾನ ಎಂದರೆ ಎಲ್ಲರಿಗೂ ಗೊತ್ತು. ಅದೇ ಅಮೋಘವರ್ಷನನ್ನು ಹೊಗಳಿ ಆರಂಭವಾಗುವ ಇನ್ನೊಂದು ಪುಸ್ತಕ ಅಷ್ಟಾಗಿ ಗೊತ್ತಿಲ್ಲ. ಅದು ಸುಮಾರು 850ರಲ್ಲಿ ಜೈನ ವಿದ್ವಾಂಸ ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಬರೆದ ಗಣಿತಸಾರಸಂಗ್ರಹ.

ಗ್ರಹಚಾರದ ಲೆಕ್ಕದ ಜೊತೆ ಬೆರೆಸದೆ ಗಣಿತಕ್ಕೇ ಮೀಸಲಿಟ್ಟ ಪುಸ್ತಕ ಅದು. ಒಂಬತ್ತು ಅಧ್ಯಾಯಗಳು, ಸಾವಿರಕ್ಕೂ ಮಿಕ್ಕಿದ ಶ್ಲೋಕಗಳು. ಭಿನ್ನರಾಶಿ, ತ್ರೈರಾಶಿಕ, ಬಡ್ಡಿ, ಚಿನ್ನದ ಬಣ್ಣ ಅಂದರೆ ಶುದ್ಧತೆ, ಹೊಲದ ಅಳತೆ, ಹೊಂಡ ತೋಡುವ ಲೆಕ್ಕ, ನೆರಳಿನ ಲೆಕ್ಕ. ಆರಂಭದಲ್ಲೇ ಗಣಿತ ಎಲ್ಲೆಲ್ಲಿ ಬೇಕು ಎಂದು ಪಟ್ಟಿ ಕೊಡುತ್ತಾನೆ. ಅದರಲ್ಲಿ ಅಡುಗೆ, ವೈದ್ಯ, ಸಂಗೀತ, ನಾಟಕ, ಕಟ್ಟಡ ಎಲ್ಲವೂ ಇವೆ. ಋಣ ಸಂಖ್ಯೆ ಯಾವುದರ ವರ್ಗವೂ ಆಗಲಾರದು, ಹಾಗಾಗಿ ಅದಕ್ಕೆ ವರ್ಗಮೂಲವಿಲ್ಲ ಎಂದು ಸ್ಪಷ್ಟವಾಗಿ ಹೇಳಿದವನು ಅವನೇ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಹಾಗೇ ಉಳಿಯುತ್ತದೆ ಎಂದು ತಪ್ಪು ಹೇಳಿದವನೂ ಅವನೇ. ದೊಡ್ಡವರೂ ತಪ್ಪುತ್ತಾರೆ ಎಂದು ಮಕ್ಕಳಿಗೆ ಹೇಳಲು ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ.

ಅವನ ಒಂದು ಲೆಕ್ಕ ಪ್ರಸಿದ್ಧ. ವಸಂತದ ರಾತ್ರಿ, ಮಹಡಿ ಮನೆ, ಗಂಡ ಹೆಂಡಿರ ಪ್ರಣಯ ಕಲಹದಲ್ಲಿ ಮುತ್ತಿನ ಸರ ಹರಿಯುತ್ತದೆ. (ಭಾನುವಾರದ ತರಗತಿಯಲ್ಲಿ ನಾನು ‘ಆಟವಾಡುವಾಗ ಹರಿಯಿತು’ ಎಂದೆ.) ಮೂರನೆಯ ಒಂದು ಪಾಲು ಮುತ್ತು ದಾಸಿಯ ಬಳಿ ಹೋಯಿತು. ಆರನೆಯ ಒಂದು ಪಾಲು ಹಾಸಿಗೆಯ ಮೇಲೆ ಬಿತ್ತು. ಉಳಿದುದರಲ್ಲಿ ಅರ್ಧ, ಮತ್ತೆ ಉಳಿದುದರಲ್ಲಿ ಅರ್ಧ, ಹೀಗೆ ಆರು ಸಲ ಅಲ್ಲಲ್ಲಿ ಚದುರಿದವು. ಕೊನೆಗೆ ಸರದಲ್ಲಿ 1161 ಮುತ್ತು ಉಳಿದವು. ಒಟ್ಟು ಎಷ್ಟಿದ್ದವು?

ಇಲ್ಲಿ ಹಿಂದಿನಿಂದ ಮುಂದಕ್ಕೆ ಬಂದರೆ ಸಾಕು. ಇದಕ್ಕೆ ಹಳಬರು ಇಟ್ಟ ಹೆಸರು ವಿಲೋಮ, ಅಂದರೆ ಹಿಮ್ಮೊಗ. ಉಳಿದ 1161ನ್ನು ಆರು ಸಲ ಇಮ್ಮಡಿ ಮಾಡಿದರೆ 74,304. ಅದಕ್ಕೂ ಮೊದಲು ಹೋದದ್ದು ಮೂರನೆಯ ಪಾಲು ಮತ್ತು ಆರನೆಯ ಪಾಲು, ಎರಡೂ ಸೇರಿ ಸರಿಯಾಗಿ ಅರ್ಧ. ಹಾಗಾಗಿ ಇನ್ನೊಮ್ಮೆ ಇಮ್ಮಡಿ ಮಾಡಿ: 1,48,608. ಅಷ್ಟು ಮುತ್ತಿನ ಸರ ಹಾಕಿಕೊಂಡು ಜಗಳ ಮಾಡುವುದಿರಲಿ, ಎದ್ದು ನಿಲ್ಲುವುದೇ ಕಷ್ಟ ಎಂದಳು ನಮ್ಮ ಆರನೇ ಕ್ಲಾಸಿನ ಹುಡುಗಿ. ನಮ್ಮ ಕಚೇರಿಯಲ್ಲಿ ಪ್ರೋಗ್ರಾಂ ತಪ್ಪು ಉತ್ತರ ಕೊಟ್ಟಾಗಲೂ ನಾವು ಮಾಡುವುದು ಇದನ್ನೇ. ಕೊನೆಯ ಉತ್ತರದಿಂದ ಒಂದೊಂದೇ ಹೆಜ್ಜೆ ಹಿಂದೆ ಹೋಗುತ್ತೇವೆ.

ಮಹಾವೀರನ ಪುಸ್ತಕ ದಕ್ಷಿಣದಲ್ಲಿ ಬಹಳ ಕಾಲ ಓದಿಸಿಕೊಂಡಿತು. 11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದ. 12ನೆಯ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ ವ್ಯವಹಾರಗಣಿತ, ಕ್ಷೇತ್ರಗಣಿತ ಬರೆದ. ಕನ್ನಡದಲ್ಲಿ ಲೆಕ್ಕ ಮಾಡುವುದು ನಮ್ಮ ಭಾನುವಾರದ ತರಗತಿ ಕಂಡುಹಿಡಿದ ಹೊಸ ಸಾಹಸವೇನೂ ಅಲ್ಲ.

ಇಷ್ಟಕರ್ಮ, ವಿಲೋಮ ಎರಡೂ ಒಳ್ಳೆಯ ಉಪಾಯಗಳೇ. ಆದರೆ ಎಲ್ಲ ಲೆಕ್ಕಕ್ಕೂ ಹೊಂದುವುದಿಲ್ಲ. ಭಾಸ್ಕರನ ಕುದುರೆಗಳ ಲೆಕ್ಕ ನೋಡಿ. ಒಬ್ಬನ ಬಳಿ 300 ರೂಪ ಹಣ, 6 ಕುದುರೆ. ಇನ್ನೊಬ್ಬನ ಬಳಿ 10 ಕುದುರೆ, ಆದರೆ 100 ರೂಪ ಸಾಲ. ಇಬ್ಬರ ಆಸ್ತಿಯೂ ಸಮ. ಒಂದು ಕುದುರೆಯ ಬೆಲೆ ಎಷ್ಟು? ಗೊತ್ತಿಲ್ಲದ ಕುದುರೆ ಎರಡೂ ಕಡೆ ನಿಂತಿದೆ. ಹಿಂದಿನಿಂದ ಬರಲು ‘ಹಿಂದೆ’ ಎಂಬುದೇ ಇಲ್ಲ. ಇಂಥ ಕಡೆ ಇನ್ನೊಂದು ಉಪಾಯ ಬೇಕು: ಗೊತ್ತಿಲ್ಲದ್ದಕ್ಕೆ ಒಂದು ಹೆಸರಿಟ್ಟು, ಗೊತ್ತಿರುವುದರ ಜೊತೆಗೇ ಅದನ್ನೂ ಕೂಡುವುದು, ಕಳೆಯುವುದು. ಬೀಜಗಣಿತ ಎಂದರೆ ಇದೇ.

ಹಳಬರು ಆ ಹೆಸರಿಗಾಗಿ ಏನು ಆರಿಸಿಕೊಂಡರು ಎಂಬುದು ನನಗೆ ಬಹಳ ಇಷ್ಟವಾದ ವಿಷಯ. ಆಹ್ಮೆಸ್ ‘ಅಹ’ ಎಂದ. ಅಂದರೆ ರಾಶಿ, ಗುಡ್ಡೆ. ಅರಬ್ಬರು ‘ಶೈ’ ಎಂದರು. ಅಂದರೆ ವಸ್ತು. ಅದನ್ನು ಕಲಿತ ಇಟಲಿಯವರು ತಮ್ಮ ಭಾಷೆಯಲ್ಲಿ ‘ಕೋಸಾ’ ಎಂದರು, ಅದೂ ವಸ್ತುವೇ. ನಮ್ಮವರು ‘ಯಾವತ್ ತಾವತ್’ ಎಂದರು. ಕನ್ನಡದಲ್ಲಿ ಹೇಳಿದರೆ ‘ಎಷ್ಟೋ ಅಷ್ಟು’. ಮುದಿ ಗಿಳಿ ‘ನಮ್ಮಷ್ಟೇ’ ಎಂದಾಗ ಹೇಳಿದ್ದು ಇದನ್ನೇ. ತಾವೆಷ್ಟು ಎಂದು ಅದು ಹೇಳಲಿಲ್ಲ. ಆದರೂ ಆ ‘ಅಷ್ಟು’ ಎಂಬುದನ್ನು ಇಮ್ಮಡಿ ಮಾಡಿತು, ಅರ್ಧ ಮಾಡಿತು, ಕಾಲು ಮಾಡಿತು, ಎಲ್ಲ ಕೂಡಿತು. ಗಿಳಿ ಮಾತಾಡಿದ್ದು ಬೀಜಗಣಿತದಲ್ಲೇ.

ಒಂದಕ್ಕಿಂತ ಹೆಚ್ಚು ಸಂಗತಿಗಳು ಗೊತ್ತಿಲ್ಲದಿದ್ದರೆ ನಮ್ಮವರು ಬಣ್ಣಗಳನ್ನು ಬಳಸಿದರು. ಕಾಲಕ ಅಂದರೆ ಕಪ್ಪು, ನೀಲಕ, ಪೀತಕ, ಲೋಹಿತಕ. ಗೊತ್ತಿಲ್ಲದವಕ್ಕೆ ವರ್ಣ ಎಂಬ ಹೆಸರು 628ರಲ್ಲಿ ಭಿಲ್ಲಮಾಲದ ಬ್ರಹ್ಮಗುಪ್ತ ಬರೆದ ಬ್ರಾಹ್ಮಸ್ಫುಟಸಿದ್ಧಾಂತದಲ್ಲೇ ಇದೆ. ಧನ, ಋಣ, ಸೊನ್ನೆಗಳನ್ನು ಕೂಡುವ, ಗುಣಿಸುವ ನಿಯಮಗಳೂ ಅಲ್ಲೇ ಇವೆ. ಬರೆಯುವಾಗ ಹೆಸರಿನ ಮೊದಲ ಅಕ್ಷರ ಸಾಕು: ಯಾ, ಕಾ, ನೀ. ಬರೀ ಸಂಖ್ಯೆಗೆ ‘ರೂ’, ಅಂದರೆ ರೂಪ. ಕುದುರೆ ಲೆಕ್ಕವನ್ನು ಭಾಸ್ಕರ ಹೀಗೆ ಒಂದರ ಕೆಳಗೊಂದು ಇಡುತ್ತಾನೆ:

ಯಾ 6 ರೂ 300
ಯಾ 10 ರೂ 100

ಕೆಳಗಿನ ನೂರರ ತಲೆಯ ಮೇಲೆ ಒಂದು ಚುಕ್ಕೆ ಇರುತ್ತದೆ. ಚುಕ್ಕೆ ಎಂದರೆ ಋಣ, ಸಾಲ. ಎರಡು ಸಾಲೂ ಸಮ. ಮೇಲಿನವನಿಗಿಂತ ಕೆಳಗಿನವನಿಗೆ ನಾಲ್ಕು ಕುದುರೆ ಹೆಚ್ಚು. ಹಣದಲ್ಲಿ ಅವನು 400 ಹಿಂದೆ. ನಾಲ್ಕು ಕುದುರೆಗೆ 400, ಒಂದಕ್ಕೆ 100. ನಮ್ಮ ಟೀಮಿನಲ್ಲಿ ಯಾರಾದರೂ ಒಂದು ವೇರಿಯಬಲ್‌ಗೆ ಬರೀ ಎಕ್ಸ್ ಎಂದು ಹೆಸರಿಟ್ಟರೆ, ಏನೆಂದು ತಿಳಿಯುವ ಹೆಸರಿಡು ಎಂದು ಕೋಡ್ ರಿವ್ಯೂನಲ್ಲಿ ವಾಪಸ್ ಕಳಿಸುತ್ತೇವೆ. ಶಾಲೆಯಲ್ಲಿ ಎಕ್ಸ್ ಬರೆಯದಿದ್ದರೆ ಸೊನ್ನೆ, ಕಚೇರಿಯಲ್ಲಿ ಎಕ್ಸ್ ಬರೆದರೆ ಬೈಗುಳ.

ಇನ್ನು ಆಲ್ಜಿಬ್ರಾ ಎಂಬ ಪದ. ಅಮೋಘವರ್ಷ ಮಾನ್ಯಖೇಟದಲ್ಲಿ ಆಳುತ್ತಿದ್ದ ಕಾಲಕ್ಕೆ ಸ್ವಲ್ಪ ಹಿಂದೆ ಮುಂದೆ, ಬಾಗ್ದಾದಿನಲ್ಲಿ ಮುಹಮ್ಮದ್ ಇಬ್ನ್ ಮೂಸಾ ಅಲ್ ಖ್ವಾರಿಜ್ಮಿ ಒಂದು ಪುಸ್ತಕ ಬರೆದ. ಖಲೀಫ ಅಲ್ ಮಾಮೂನನ ಉತ್ತೇಜನ ಅದಕ್ಕಿತ್ತು. ಎರಡು ಊರುಗಳೂ ಒಂದಕ್ಕೊಂದು ಅಪರಿಚಿತವಲ್ಲ. 851ರ ಅರಬ್ ಪ್ರವಾಸ ಬರಹವೊಂದು ಜಗತ್ತಿನ ನಾಲ್ವರು ದೊಡ್ಡ ರಾಜರಲ್ಲಿ ‘ಬಲ್ಹರಾ’ನನ್ನು ಎಣಿಸುತ್ತದೆ. ಅದು ರಾಷ್ಟ್ರಕೂಟರ ವಲ್ಲಭರಾಜ ಎಂಬ ಬಿರುದಿನ ಅರಬ್ಬೀ ಉಚ್ಚಾರ. ಹಾಗೆಂದು ಒಬ್ಬರ ಪುಸ್ತಕ ನೋಡಿ ಇನ್ನೊಬ್ಬರು ಬರೆದರು ಎಂದು ನಾನು ಹೇಳುತ್ತಿಲ್ಲ. ಎರಡೂ ಕಡೆ ವ್ಯಾಪಾರವಿತ್ತು, ಆಸ್ತಿಯಿತ್ತು, ಜಗಳವಿತ್ತು. ಹಾಗಾಗಿ ಲೆಕ್ಕವೂ ಬೇಕಿತ್ತು. ಖ್ವಾರಿಜ್ಮಿಯ ಪುಸ್ತಕದ ಸುಮಾರು ಅರ್ಧ ಭಾಗ ಆಸ್ತಿ ಪಾಲು ಮಾಡುವ ಲೆಕ್ಕಗಳೇ.

ಅವನ ಪುಸ್ತಕದ ಹೆಸರಿನಲ್ಲಿ ಬರುವ ‘ಅಲ್ ಜಬ್ರ್’ ಎಂಬ ಪದಕ್ಕೆ ಮುರಿದದ್ದನ್ನು ಸರಿಪಡಿಸುವುದು, ಮೂಳೆ ಕೂಡಿಸುವುದು ಎಂದರ್ಥ. ಸ್ಪೇನಿನಲ್ಲಿ ‘ಆಲ್ಜೆಬ್ರಿಸ್ತಾ’ ಎಂದರೆ ಮುರಿದ ಮೂಳೆ ಕೂಡಿಸುವವನು. ಡಾನ್ ಕಿಹೋಟೆ ಕಾದಂಬರಿಯಲ್ಲೂ ಅಂಥವನೊಬ್ಬ ಬರುತ್ತಾನೆ. ಗಣಿತದಲ್ಲಿ ಮುರಿದದ್ದು ಎಂದರೆ ಏನನ್ನೋ ಕಳೆದ ಕಡೆ. ಒಂದು ಕಡೆ ‘40 ಮೂಲಗಳಲ್ಲಿ 4 ವರ್ಗ ಕಡಿಮೆ’ ಎಂದಿದ್ದರೆ, ಎರಡೂ ಕಡೆ ನಾಲ್ಕು ವರ್ಗ ಸೇರಿಸಿ ಆ ಕೊರತೆಯನ್ನು ತುಂಬುವುದು ಜಬ್ರ್. ಎರಡೂ ಕಡೆ ಇರುವ ಒಂದೇ ಬಗೆಯದನ್ನು ಪರಸ್ಪರ ವಜಾ ಮಾಡುವುದು ಮುಕಾಬಲಾ. ನಾವು ಶಾಲೆಯಲ್ಲಿ ‘ಈ ಕಡೆಯಿಂದ ಆ ಕಡೆಗೆ ಹೋದರೆ ಚಿಹ್ನೆ ಬದಲು’ ಎಂದು ಅರ್ಥ ಕೇಳದೆ ಉರು ಹೊಡೆದದ್ದು ಇದನ್ನೇ.

ಆಶ್ಚರ್ಯವೆಂದರೆ ಈ ಪುಸ್ತಕದಲ್ಲಿ ಒಂದೂ ಚಿಹ್ನೆ ಇಲ್ಲ. ಎಲ್ಲವೂ ಮಾತಿನಲ್ಲೇ. ಸಮ ಚಿಹ್ನೆ ಬಂದದ್ದು 1557ರಲ್ಲಿ, ರಾಬರ್ಟ್ ರೆಕಾರ್ಡ್ ಬರೆದ ಪುಸ್ತಕದಲ್ಲಿ. ಗೊತ್ತಿಲ್ಲದ್ದಕ್ಕೆ ಎಕ್ಸ್, ವೈ, ಝಡ್ ಬಳಕೆ ನೆಲೆಗೊಂಡದ್ದು 1637ರ ದೆಕಾರ್ತನ ಪುಸ್ತಕದಿಂದ. ಅಂದರೆ ಆಹ್ಮೆಸ್‌ನಿಂದ ಎಣಿಸಿದರೆ ಮೂರು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಜನ ಎಕ್ಸ್ ಇಲ್ಲದೆಯೇ ಇಂಥ ಲೆಕ್ಕ ಬಿಡಿಸಿದರು. ಬೀಜ ಎಂದರೆ ನಿಜದಲ್ಲಿ ತಿಳಿಯಾದ ಬುದ್ಧಿ, ವರ್ಣಗಳು ಅದಕ್ಕೆ ನೆರವು ಮಾತ್ರ ಎಂಬ ಅರ್ಥದ ಮಾತನ್ನು ಭಾಸ್ಕರ ಆಡಿದ್ದಾನೆ. ಆ ಕೆಂಪು ಶಾಯಿಗೆ ನನ್ನ ಉತ್ತರದ ಮೊದಲರ್ಧ ಇದು.

ಇನ್ನರ್ಧವನ್ನು ಮುಂದಿನ ಭಾನುವಾರ ಹುಡುಗನಿಗೇ ತೋರಿಸಿದೆ. ಬೋರ್ಡಿನ ಮೇಲೆ ಖ್ವಾರಿಜ್ಮಿಯ ಲೆಕ್ಕ ಬರೆದೆ: ಒಂದು ವರ್ಗ, ಅದರ ಹತ್ತು ಮೂಲಗಳು, ಸೇರಿ 39. ನಾನು ಬಿಡಿಸಿ ಹೇಳುವ ಮೊದಲೇ ‘ಮೂರು’ ಎಂದ. ಮೂರರ ವರ್ಗ ಒಂಬತ್ತು, ಹತ್ತು ಮೂಲ ಮೂವತ್ತು, ಸರಿ. ನಾನು 39 ಅಳಿಸಿ 40 ಬರೆದೆ.

ಒಂದೇ ಒಂದು ಹೆಚ್ಚು. ಮೂರಕ್ಕೆ 39, ನಾಲ್ಕಕ್ಕೆ 56. ಅವನು ಮೂರು ಪಾಯಿಂಟ್ ಒಂದು ಹಾಕಿ ನೋಡಿದ, 40.61. ಹೆಚ್ಚಾಯಿತು. 3.06 ಹಾಕಿದ, 39.9636. ಕಡಿಮೆ. 3.07 ಹಾಕಿದ, 40.1249. ಮತ್ತೆ ಹೆಚ್ಚು. ಪುಟದ ಅಂಚೆಲ್ಲ ಗುಣಾಕಾರದಿಂದ ತುಂಬಿತು. ‘ಇದು ಮುಗಿಯಂಗೇ ಇಲ್ಲಲ್ಲ ಅಂಕಲ್’ ಎಂದ. ಇಷ್ಟಕರ್ಮವನ್ನೂ ಹಚ್ಚಿ ನೋಡಿದ. ಸಂಖ್ಯೆ ಇಮ್ಮಡಿಯಾದರೆ ಹತ್ತು ಮೂಲ ಇಮ್ಮಡಿಯಾಗುತ್ತದೆ, ವರ್ಗ ಮಾತ್ರ ನಾಲ್ಮಡಿಯಾಗುತ್ತದೆ. ಪಟ್ಟು ಹೊಂದುವುದೇ ಇಲ್ಲ.

ಆಗ ಖ್ವಾರಿಜ್ಮಿ ತನ್ನ ಪುಸ್ತಕದಲ್ಲಿ ಕೊಟ್ಟ ಚಿತ್ರ ಬಿಡಿಸಿದೆ. ನಡುವೆ ಒಂದು ಚೌಕ. ಅದರ ಬದಿ ಎಷ್ಟೋ ಅಷ್ಟು. ಹತ್ತು ಮೂಲ ಎಂದರೆ ಆ ಬದಿಯಷ್ಟೇ ಉದ್ದ, ಹತ್ತು ಅಗಲದ ಪಟ್ಟಿ. ಅದನ್ನು ನಾಲ್ಕು ಸೀಳು ಮಾಡಿ ಚೌಕದ ನಾಲ್ಕೂ ಬದಿಗೆ ಅಂಟಿಸಿದೆ. ಪ್ರತಿ ಸೀಳಿನ ಅಗಲ ಎರಡೂವರೆ. ಈಗ ಆಕಾರ ಪ್ಲಸ್ ಚಿಹ್ನೆಯಂತಾಯಿತು. ನಾಲ್ಕು ಮೂಲೆ ಖಾಲಿ. ಪ್ರತಿ ಮೂಲೆ ಎರಡೂವರೆ ಎರಡೂವರೆಯ ಪುಟ್ಟ ಚೌಕ. ಎರಡೂವರೆ ಎರಡೂವರೆಲೆ ಆರೂಕಾಲು. (ಇಲ್ಲಿ ಕಾಲು, ಅರೆಯ ಪಾಠ ಉಪಯೋಗಕ್ಕೆ ಬಂತು.) ನಾಲ್ಕು ಆರೂಕಾಲು ಇಪ್ಪತ್ತೈದು. ಮೂಲೆಗಳನ್ನು ತುಂಬಿದರೆ ಪೂರ್ತಿ ದೊಡ್ಡ ಚೌಕ. 39 ಇದ್ದಾಗ 39ಕ್ಕೆ 25 ಸೇರಿ 64, ಬದಿ 8. ಎರಡು ಕಡೆಯ ಎರಡೂವರೆ, ಅಂದರೆ 5 ಕಳೆದರೆ 3.

‘ಈಗ 40 ಇದ್ರ?’ ಎಂದು ಕೇಳಿದೆ.

‘ಅರವತ್ತೈದು. ಅದರ ಮೂಲದಾಗ ಐದು ಕಳೀಬೇಕು.’ ಸ್ವಲ್ಪ ಹೊತ್ತು ನೋಡುತ್ತ ಕೂತ. ‘ಆದ್ರ ಅರವತ್ತೈದರ ಮೂಲ ಎಷ್ಟು?’

‘ಎಷ್ಟೋ ಅಷ್ಟು. ಹಾಗೇ ಬರಿ.’

√65 - 5 ಎಂದು ಬರೆದ. ‘ಇದು ಉತ್ತರ ಏನು?’

‘ಹೌದು, ಪೂರ್ತಿ ಉತ್ತರ. ನೀನು ಅಂಚಿನಲ್ಲಿ ಬರೆದೆಯಲ್ಲ, ಅದೆಲ್ಲ ಇದರ ಹತ್ತಿರ ಹತ್ತಿರ ಹೋಗುತ್ತಿತ್ತು, ಅಷ್ಟೇ.’

‘ಗೈಡಿನಾಗ ಹಿಂಗ ಇರಂಗಿಲ್ಲ’ ಎಂದ. ಆದರೆ ಅಳಿಸಲಿಲ್ಲ.

ಪುಸ್ತಕದ ಲೆಕ್ಕಗಳು ನಮ್ಮ ಮೇಲಿನ ಕರುಣೆಯಿಂದ ಪೂರ್ಣಾಂಕದಲ್ಲಿ ಮುಗಿಯುತ್ತವೆ. 36 ಗಿಳಿ, 120 ಕಮಲ, 100 ರೂಪದ ಕುದುರೆ. ಜಾಣ ಹುಡುಗನಿಗೆ ಮನಸ್ಸಿನಲ್ಲೇ ಸಿಗುತ್ತವೆ. ಸಾಲದ ಕಂತು, ಸೈಟಿನ ಅಳತೆ, ಸೇತುವೆಯ ಕಮಾನು ಹಾಗೆ ಕರುಣೆ ತೋರುವುದಿಲ್ಲ. ಅಲ್ಲಿ ಉತ್ತರ ಚೆಂದವಾಗಿದೆಯೋ ಇಲ್ಲವೋ ಎಂದು ನೋಡದೆ ಕೆಲಸ ಮಾಡುವ ದಾರಿ ಬೇಕು. ಎಕ್ಸ್ ಆ ದಾರಿಯ ಸಣ್ಣ ಹೆಸರು. ಅದನ್ನು ಕಲಿಯಲೇಬೇಕು. ಆದರೆ ಅದು ಏಕೆ ಬೇಕಾಯಿತು ಎಂದು 40ರ ಹತ್ತಿರ ಮುಗ್ಗರಿಸಿದ ಮೇಲೆ ಕಲಿತರೆ ಮನಸ್ಸಿಗೆ ಹತ್ತುತ್ತದೆ.

ಆ ಶಿಕ್ಷಕರನ್ನೂ ನಾನು ಪೂರ್ತಿ ದೂರಲಾರೆ. ಮನೆಗೆ ಹೋಗಿ ಉತ್ತರ ಪತ್ರಿಕೆ ನೋಡಿದೆ. ಹುಡುಗ ದಾರಿ ಬರೆದೇ ಇರಲಿಲ್ಲ. ಬರೀ ಮೂರು ಸಂಖ್ಯೆಗಳು. ಒಂದು ರಾಶಿ ಪತ್ರಿಕೆ ತಿದ್ದುವವರಿಗೆ ಅದರ ಹಿಂದಿನ ತಲೆ ಕಾಣುವುದು ಹೇಗೆ? ಆಹ್ಮೆಸ್ ಕೂಡ ಬರೀ 16 ಮತ್ತು 5/8 ಎಂದು ಬರೆದು ಎದ್ದು ಹೋಗಿದ್ದರೆ ನಮಗೆ ಇವತ್ತು ಅವನ ಉಪಾಯ ಗೊತ್ತಾಗುತ್ತಿರಲಿಲ್ಲ. ಆದರೆ ಸರಿ ಉತ್ತರ ಕಂಡಾಗ ‘ಗೆಸ್’ ಎಂದು ಬರೆಯುವ ಬದಲು ‘ಹೇಗೆ ಬಂತು?’ ಎಂದು ಕೇಳಿದ್ದರೆ ಒಂದು ಮಗು ಲೆಕ್ಕದ ಪುಸ್ತಕ ಮುಚ್ಚಿಡುತ್ತಿರಲಿಲ್ಲ. ಶಾಲೆಯಲ್ಲಿ ಕೇಳದಿದ್ದರೆ ಮನೆಯಲ್ಲಿ ನಾವು ಕೇಳಬಹುದು. ಅದೂ ಕನ್ನಡದಲ್ಲಿ. ‘ಅಷ್ಟು’, ‘ಅದರರ್ಧ’, ‘ಉಳಿದುದರಲ್ಲಿ ಕಾಲು’ ಎಂದು ಮಗು ಮಾತಿನಲ್ಲಿ ಬಿಡಿಸಿ ಹೇಳಿದ ಮೇಲೆ, ಅದೇ ಸಾಲನ್ನು ಚಿಹ್ನೆಯಲ್ಲಿ ಬರೆಯುವುದು ಬರೀ ಶೀಘ್ರಲಿಪಿ.

ಹುಡುಗನ ಮುಂದಿನ ಪರೀಕ್ಷೆ ಇನ್ನೂ ಆಗಿಲ್ಲ. ಪುಸ್ತಕ ಮಾತ್ರ ತೆರೆದಿದ್ದಾನಂತೆ. ಹೋದ ಭಾನುವಾರ ಅವನ ನೋಟ್‌ಬುಕ್ಕಿನಲ್ಲಿ ಗಿಳಿಗಳ ಲೆಕ್ಕ ಮತ್ತೆ ಬರೆದಿತ್ತು. ಮೊದಲ ಸಾಲು: ‘ಗಿಣಿ = ಎಕ್ಸ್’. ಪಕ್ಕದಲ್ಲಿ ಒಂದು ಪುಟ್ಟ ಗಿಳಿಯ ಚಿತ್ರ.

ಈ ತಿಂಗಳ ಲೆಕ್ಕ: ಇದೂ ಮಹಾವೀರಾಚಾರ್ಯನದ್ದೇ. ಮೂವರು ವ್ಯಾಪಾರಿಗಳಿಗೆ ದಾರಿಯಲ್ಲಿ ಒಂದು ಹಣದ ಚೀಲ ಕಂಡಿತು. ಮೊದಲನೆಯವನು, ‘ಇದು ನನಗೆ ಸಿಕ್ಕರೆ ನಿಮ್ಮಿಬ್ಬರ ಹಣ ಸೇರಿದರೂ ಅದರ ಎರಡರಷ್ಟು ನನ್ನದಾಗುತ್ತದೆ’ ಎಂದ. ಎರಡನೆಯವನು, ‘ನನಗೆ ಸಿಕ್ಕರೆ ನಿಮ್ಮಿಬ್ಬರದರ ಮೂರರಷ್ಟು’ ಎಂದ. ಮೂರನೆಯವನು, ‘ನನಗೆ ಸಿಕ್ಕರೆ ಐದರಷ್ಟು’ ಎಂದ. ಚೀಲದಲ್ಲಿ ಎಷ್ಟಿತ್ತು, ಒಬ್ಬೊಬ್ಬರ ಬಳಿ ಎಷ್ಟೆಷ್ಟಿತ್ತು? ಉತ್ತರಗಳು ಹಲವಿವೆ, ಪೂರ್ಣಾಂಕದಲ್ಲಿ ಅತಿ ಚಿಕ್ಕದನ್ನು ಹುಡುಕಿ. ಸುಮಾರು ಮೂರೂವರೆ ಶತಮಾನದ ನಂತರ, 1202ರಲ್ಲಿ, ಇಟಲಿಯ ಫಿಬೊನಾಚಿ ತನ್ನ ಲಿಬರ್ ಅಬಾಚಿಯಲ್ಲಿ ಇಂಥದೇ ಚೀಲದ ಲೆಕ್ಕಗಳನ್ನು ಕೊಟ್ಟಿದ್ದಾನೆ.

ಉತ್ತರ ಮುಂದಿನ ತಿಂಗಳು. ನೀವು ಕಳಿಸುವಾಗ ಉತ್ತರದ ಜೊತೆ ದಾರಿಯನ್ನೂ ಬರೆಯಿರಿ. ಎಕ್ಸ್ ಕಡ್ಡಾಯವಲ್ಲ.